ಅವ್ವನ ಮಗ್ಗುಲಿನ ಜಾಗ

ಕಲಬುರಗಿ, ಕುಸನೂರ ರಸ್ತೆ
16 ಫೆಬ್ರವರಿ 2023

ತಂಗಿ ಸುವಾರ್ತಾ,

ಕೊಯ್ಲಿನ ಹಬ್ಬ ಮುಗಿಸಿ ಕಮಲಾಪುರದಿಂದ ಬಂದು ನಾಲ್ಕು ದಿನವಾಯಿತು. ಬಸ್ಸಿನಲ್ಲಿ ಹಿಡಿದ ಸೊಂಟ ಇನ್ನೂ ಬಿಟ್ಟಿಲ್ಲ, ಹೊಟ್ಟೆಯೊಳಗಿನ ಉರಿಯೂ ಬಿಟ್ಟಿಲ್ಲ. ಫೋನಿನಲ್ಲಿ ಹೇಳಿದರೆ ನಿನ್ನ ಕಿವಿಗೆ ಮುಟ್ಟುವುದಿಲ್ಲ. ಮೊಬೈಲಿನಲ್ಲಿ ಬರೆದು ಕಳಿಸಿದರೆ ನಿನ್ನ ಗಂಡ ದೇವಪುತ್ರಪ್ಪನವರು ನಿನಗಿಂತ ಮೊದಲು ಓದಿ ಮೀಸೆಯಲ್ಲೇ ನಗುತ್ತಾರೆ. ಹೀಗಾಗಿ ಮೊದಲಿನ ಹಾಗೆ ಕಾಗದ. ನಿಮ್ಮ ಬಾಳೆಗೊನೆ ಹೊತ್ತು ಬರುವ ಮಕ್ಬೂಲನ ಟೆಂಪೋ ವಾಪಸ್ ಹೋಗುವಾಗ ಖಾಲಿ ಇರುತ್ತದೆ. ಅದರಲ್ಲಿ ನನ್ನ ಸಿಟ್ಟಾದರೂ ಬರಲಿ.

ಚರ್ಚಿನಲ್ಲಿ ವೇದಿಕೆಯ ಮುಂದೆ ನಾನು ತಂದಿಟ್ಟ ರೊಟ್ಟಿಯ ಗುಡ್ಡವನ್ನು ನೀನೇ ನೋಡಿದೆ. ನನ್ನ ರೊಟ್ಟಿ ಕೇಂದ್ರದ ಹೆಣ್ಣುಮಕ್ಕಳು ಬೇರೆ ಆರ್ಡರು ಬಿಟ್ಟು ಬಡಿದದ್ದು. ಎಳ್ಳು ಹಚ್ಚಿದ ಖಡಕ್ ರೊಟ್ಟಿ, ಹಪ್ಪಳದ ಹಾಗೆ ತೆಳ್ಳಗೆ. ಹರಾಜಿನ ಸವಾಲು ಕೂಗುವಾಗ ಆ ಗುಡ್ಡಕ್ಕೆ ಇಬ್ಬರು ಬಾಯಿ ತೆರೆದರು. ಇಬ್ಬರಲ್ಲಿ ಒಬ್ಬರು ಪಾಸ್ಟರು, ನನ್ನ ಮುಖ ನೋಡಿ ಅವರಿಗೆ ಪಾಪ ಅನ್ನಿಸಿತ್ತು. ಆಮೇಲೆ ನಿನ್ನ ಕೆಂಬಾಳೆಯ ಗೊನೆ ಎತ್ತಿ ತೋರಿಸಿದ್ದೇ ತಡ, ಇಡೀ ಚರ್ಚು ಎದ್ದು ನಿಂತಿತು. "ಸುವಾರ್ತಮ್ಮನ ತ್ವಾಟದ ಗೊನಿ ಅದ, ಬಿಡಬ್ಯಾಡ್ರಿ" ಎಂದು ಹಿಂದಿನ ಬೆಂಚಿನವರು ಮುಂದಿನ ಬೆಂಚಿನವರನ್ನು ತಿವಿಯುತ್ತಿದ್ದರು. ದೇವರಿಗೆ ಕೊಟ್ಟ ಮೊದಲ ಫಲದಲ್ಲಿ ಹೆಚ್ಚು ಕಡಿಮೆ ನೋಡಬಾರದು ಎಂದು ನೀನು ಹೇಳುತ್ತೀ. ಅದು ಯಾವಾಗಲೂ ಹೆಚ್ಚು ಬಂದವರು ಹೇಳುವ ಮಾತು.

ಇನ್ನೊಂದು. ಕಿವಿ ಹೋದ ಮೇಲೆ ನಿನ್ನ ಪ್ರಾರ್ಥನೆ ಎಷ್ಟು ಜೋರಾಗಿದೆ ಎಂದು ನಿನಗೆ ಯಾರೂ ಹೇಳಿಲ್ಲವೆಂದು ಕಾಣುತ್ತದೆ. ಬೆಳಿಗ್ಗೆ ನಾನು ಹಾಸಿಗೆಯಲ್ಲಿ ಮಲಗಿಕೊಂಡೇ ಕೇಳಿದೆ, ಓಣಿಯೂ ಕೇಳಿತು. ಮೊದಲು ಪಕ್ಕದ ಮನೆ ಇಮಾಮಬಿಯ ಮೊಣಕಾಲು. ಆಮೇಲೆ ನಿಮ್ಮ ಎಮ್ಮೆ. ಆಮೇಲೆ ಮಕ್ಬೂಲನ ಟೆಂಪೋದ ಬ್ರೇಕು. ಆಮೇಲೆ ನಾನು. ಬ್ರೇಕಿನ ಹಿಂದೆ ಒಡಹುಟ್ಟಿದ ಅಕ್ಕ. ಇಮಾಮಬಿ ಕಿಟಕಿಯಾಚೆ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಾ, "ನಂದು ಆತು, ಇನ್ನ ಎಮ್ಮಿದು ಬರ್ತದ ನೋಡ್ರಿ" ಎಂದು ನನಗೆ ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ.

ನಿನ್ನ ಅಕ್ಕ
ಎಸ್ತೇರಮ್ಮ

*

ಕಮಲಾಪುರ
25 ಫೆಬ್ರವರಿ 2023

ಅಕ್ಕನಿಗೆ ಕರ್ತನ ಹೆಸರಿನಲ್ಲಿ ಸುವಾರ್ತಾಳ ವಂದನೆ.

ಕಾಗದ ಮುಟ್ಟಿತು. ಎರಡು ಸಲ ಓದಿ ನಕ್ಕೆ. ರೊಟ್ಟಿ ಚೆನ್ನಾಗಿದ್ದವು ಅಕ್ಕ. ಈ ಊರಲ್ಲಿ ಮನೆಮನೆಗೂ ರೊಟ್ಟಿ ಬಡಿಯುತ್ತಾರೆ, ಅದಕ್ಕೇ ಸವಾಲು ಏರಲಿಲ್ಲ. ನಿನ್ನ ಬಗ್ಗೆ ಯಾರಿಗೂ ಬೇರೆ ಭಾವನೆ ಇಲ್ಲ. ಬ್ರೇಕಿನ ವಿಷಯವನ್ನೂ ತಪ್ಪು ತಿಳಿಯಬೇಡ. ಆ ವಾರ ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲಿಲ್ಲ. ಮಕ್ಬೂಲನ ಕಷ್ಟ ದೊಡ್ಡದಿತ್ತು. ನೀನು ನಮ್ಮ ಮನೆಯ ಒಳಗೇ ಗೊರಕೆ ಹೊಡೆಯುತ್ತಿದ್ದೆ ಎಂದು ಇವರು ಹೇಳಿದರು.

ತೊಗರಿ ರಾಶಿ ಮುಗಿಯಿತು. ಬಾಳೆಗೆ ಗಾಳಿ ತಡೆಯಲು ಗಳ ಕೊಟ್ಟು ಕಟ್ಟಿದೆವು. ಈ ಸಲ ಕೆಲವು ಗಿಡಕ್ಕೆ ಇವರೊಬ್ಬರೇ ಕಟ್ಟಿದರು, ನಾನು ಬದುವಿನ ಮೇಲೆ ಕೂತು ನೋಡಿದೆ. ಕೂತು ನೋಡಿದರೆ ತೋಟ ಬೇರೆಯೇ ಕಾಣುತ್ತದೆ. ಇಷ್ಟು ವರ್ಷ ಅದರೊಳಗೆ ಬಗ್ಗಿಕೊಂಡೇ ಇದ್ದೆ. ಹಿಟ್ಟು ಕಲಸುವ ಮೊದಲು ದೇವರ ಗಡಿಗೆಗೆ ಒಂದು ಹಿಡಿ ಜೋಳ ತೆಗೆದಿಡುತ್ತೇನಲ್ಲ, ಅದು ನಡೆದಿದೆ. ಮನೆಗೆ ಈಗ ಮೊದಲಿನಷ್ಟು ಜೋಳ ಬೇಕಾಗುವುದಿಲ್ಲ. ಹಿಡಿ ಮಾತ್ರ ಅಷ್ಟೇ ಇದೆ.

ನಿನ್ನನ್ನು ಒಂದು ಕೇಳಬೇಕು. ಕಲಬುರಗಿಯ ಸ್ಮಶಾನದಲ್ಲಿ ಅವ್ವನ ಸಮಾಧಿಯ ಎಡಕ್ಕೆ ಒಬ್ಬರಿಗಾಗುವಷ್ಟು ಜಾಗ ಉಳಿದಿದೆಯಲ್ಲ, ಅದನ್ನು ನನಗೆ ಬಿಡು. ಅಲ್ಲಿಯ ಸಭೆಯವರಿಗೆ ನೀನು ಒಂದು ಮಾತು ಹೇಳಿದರೆ ನಡೆಯುತ್ತದೆ. ನನಗೆ ಸಣ್ಣಂದಿನಿಂದ ಅವ್ವನ ಮಗ್ಗುಲಲ್ಲಿ ಮಲಗಿ ರೂಢಿ. ಬೇರೆ ಏನೂ ಬೇಡ.

ನಿನ್ನ ಸುವಾರ್ತಾ

*

ಕಲಬುರಗಿ
28 ಫೆಬ್ರವರಿ 2023

ತಂಗಿ,

"ಬೇರೆ ಏನೂ ಬೇಡ" ಎಂದು ಬರೆದಿದ್ದೀ. ಬೇರೆ ಏನು ಉಳಿದಿದೆ ಎಂದು ನಾನು ಮನೆಯೆಲ್ಲ ಹುಡುಕಿದೆ.

ನೀನು ಹುಟ್ಟಿದ ವರ್ಷವೇ ನನ್ನನ್ನು ಬೀದರಿನ ಬೋರ್ಡಿಂಗಿಗೆ ಹಾಕಿದರು. ಆಗ ನನಗೆ ಎಂಟು. ರಜೆಗೆ ಮನೆಗೆ ಬಂದರೆ ಅವ್ವನ ಮಗ್ಗುಲಲ್ಲಿ ನೀನು ಕಾಲು ಚಾಚಿರುತ್ತಿದ್ದೆ. ನನಗೆ ಕಾಲ ಹತ್ತಿರ ಚಾಪೆ. "ನೀ ಶಾಣ್ಯಾಕಿ ಅದಿ, ಅಲ್ಲೇ ಬೀಳು ಹೋಗು" ಎನ್ನುತ್ತಿದ್ದಳು ಅವ್ವ. ಜಾಣತನಕ್ಕೆ ಸಿಕ್ಕ ಬಹುಮಾನ ಅದು. ಆಮೇಲೆ ನಾನು ಒಂದು ಹಂಚು, ಒಂದು ಒಲೆಯಿಂದ ಹಿಡಿದು ಮದುವೆ ಮನೆಗಳಿಗೆ ಗಾಡಿ ತುಂಬ ರೊಟ್ಟಿ ಕಳಿಸುವಷ್ಟಾದೆ. ಅವ್ವ ಮುದುಕಿಯಾದಾಗ ನನ್ನ ಮನೆಯಲ್ಲಿ ಫ್ಯಾನಿತ್ತು, ಫ್ರಿಜ್ ಇತ್ತು, ಮನೆಯೊಳಗೇ ಪಾಯಖಾನೆ ಇತ್ತು. ಕರೆತಂದು ಇಟ್ಟುಕೊಂಡೆ. ಎರಡು ವಾರಕ್ಕೆ, "ಎಸ್ತೇರಿ, ನಿನ್ನ ಮನಿ ಭಾಳ ಛಲೋ ಅದ, ನನ್ನ ಕಮಲಾಪುರದ ಬಸ್ಸಿಗೆ ಹತ್ತಿಸಿ ಬಿಡು" ಎಂದಳು. ಕೊನೆಯವರೆಗೆ ನಿನ್ನ ಹತ್ತಿರವೇ ಇದ್ದಳು. ನಿನ್ನ ಸಗಣಿ ನೆಲ, ನಿನ್ನ ಎಮ್ಮೆ, ಅದರ ನೊಣ, ಎಲ್ಲ ಅವಳಿಗೆ ಹಿತವಾಯಿತು.

ಅವಳು ತೀರಿಕೊಂಡಾಗ ನಾನು ಹಟ ಹಿಡಿದು ಕಲಬುರಗಿಗೆ ತಂದೆ. ಜೀವವಿದ್ದಾಗ ನಿನ್ನದು, ಮಣ್ಣಾದ ಮೇಲೆ ನನ್ನದು ಎಂದೆ. ನೀನು ಒಂದು ಮಾತೂ ಎತ್ತಲಿಲ್ಲ. ಎತ್ತಿದ್ದರೆ ಜಗಳವಾಡಿ ಗೆದ್ದ ಸುಖವಾದರೂ ನನಗೆ ಸಿಗುತ್ತಿತ್ತು.

ಮಕ್ಕಳ ವಿಷಯದಲ್ಲಿ ದೇವರು ನಮ್ಮಿಬ್ಬರಿಗೂ ಒಂದೇ ಖಾಲಿ ತಕ್ಕಡಿ ಹಿಡಿದ. ಅದೊಂದರಲ್ಲಿ ಸಮ. ಮಿಕ್ಕಿದ್ದು ನೋಡು. ನಿನಗೆ ಗಂಡನಿದ್ದಾರೆ, ಹೊಲವಿದೆ, ಒಂದು ಓಣಿಯೇ ಇದೆ. ನಮ್ಮವರು ಸೋಲಾಪುರದಲ್ಲಿ ತಮ್ಮ ತಾಯಿಯ ಮಗ್ಗುಲು ಸೇರಿಕೊಂಡರು. ಅವರಿಗಿದ್ದ ಬುದ್ಧಿ ನನಗೆ ಇರಬಾರದೇ? ಅವ್ವನ ಬಲಕ್ಕೆ ಹಳೇ ಪಾಸ್ಟರು ಮಲಗಿದ್ದಾರೆ. ಉಳಿದದ್ದು ಎಡಗಡೆ ಒಂದೇ. ನೀನು ನನಗಿಂತ ಎಂಟು ವರ್ಷ ಸಣ್ಣವಳು. ಸರತಿ ಪ್ರಕಾರ ನಡೆದರೆ ಅದು ನನ್ನದು. ಸರತಿ ಮುರಿಯುವ ವಿಚಾರ ಏನಾದರೂ ಇದ್ದರೆ ಮುಂಚೆಯೇ ತಿಳಿಸು.

ಎಸ್ತೇರಮ್ಮ

*

ಕಮಲಾಪುರ
18 ಏಪ್ರಿಲ್ 2023

ಅಕ್ಕನಿಗೆ ವಂದನೆ.

ಉತ್ತರ ತಡವಾಯಿತು. ಮನಸ್ಸಿನಲ್ಲಿ ಏನೂ ಇಟ್ಟುಕೊಂಡಿಲ್ಲ. ಪುನರುತ್ಥಾನದ ಹಬ್ಬಕ್ಕೆ ಇಲ್ಲಿ ಬೆಳಕು ಹರಿಯುವ ಮುಂಚೆ ಎಲ್ಲರೂ ಸಮಾಧಿಗಳ ಹತ್ತಿರ ಹೋಗಿ ಮೇಣಬತ್ತಿ ಹಚ್ಚಿ ಬಂದೆವು. ನನಗೆ ಹಾಡು ಕೇಳುವುದಿಲ್ಲ, ಬಾಯಿಗಳನ್ನು ನೋಡಿಕೊಂಡು ನಾನೂ ಹಾಡಿದೆ. ಎಲ್ಲರೂ ಮುಗಿಸಿದ ಮೇಲೂ ನಾನೊಬ್ಬಳೇ ಒಂದು ಚರಣ ಮುಂದೆ ಹೋದೆನಂತೆ. ಇವರು ತೋಳು ಹಿಡಿದು ನಿಲ್ಲಿಸಿದರು.

ಜಾಗದ ಮಾತು ಬಿಟ್ಟುಬಿಡು ಅಕ್ಕ. ದೇವರ ಮುಂದೆ ಇಟ್ಟು ಯೋಚಿಸಿದೆ. ನನಗೆ ಕಮಲಾಪುರವೇ ಸಾಕು. ಇಲ್ಲಿ ನಮ್ಮ ಸಭೆಗೆ ಇರುವ ನೆಲ ಕೆಂಪು ಮಣ್ಣು, ತೋಡುವವರಿಗೂ ಸುಲಭ. ಅವ್ವನ ಮಗ್ಗುಲು ನಿನ್ನದೇ. ನಾನು ಕೇಳಬಾರದಿತ್ತು.

ಮಕ್ಬೂಲನ ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು ಕಳಿಸಿದ್ದೇನೆ. ಸಿಪ್ಪೆ ಮೆತ್ತಗಾಗುವ ತನಕ ತಡಿ. ನಿನಗೆ ತಡೆಯುವುದಕ್ಕೆ ಬರುವುದಿಲ್ಲ. ಪ್ರಾರ್ಥನೆಯಲ್ಲಿ ಈಗ ನಿನ್ನನ್ನು ಎಮ್ಮೆಗಿಂತ ಮೊದಲು ತಂದಿದ್ದೇನೆ. ಇಮಾಮಬಿಯ ಮೊಣಕಾಲಿನ ಮುಂದೆ ಇನ್ನೂ ತರಲಾಗಿಲ್ಲ. ಅದು ನಿಜವಾಗಿಯೂ ನೋಯುತ್ತದೆ.

ನಿನ್ನ ಸುವಾರ್ತಾ

*

ಕಲಬುರಗಿ
9 ಜೂನ್ 2023

ತಂಗಿ,

ಬಾಳೆಹಣ್ಣು ಬಂದ ದಿನವೇ ತಿಂದೆ, ಬಾಯಿ ಒಗರಾಯಿತು. ಆದರೂ ನಿನ್ನ ಕಾಗದ ಓದಿದ ಮೇಲೆ ಒಂದಷ್ಟು ವಾರ ನನಗೆ ಎಲ್ಲವೂ ಸಿಹಿಯಾಗಿತ್ತು. ನೀನು ಸೋತೆ, ನಾನು ಗೆದ್ದೆ ಎಂದುಕೊಂಡಿದ್ದೆ. ನಿನ್ನೆಯವರೆಗೆ.

ನಿನಗೆ ಒಂದು ಹೇಳಿರಲಿಲ್ಲ. ಹೋದ ವರ್ಷವೇ ಅವ್ವನ ಎಡಕ್ಕೆ ನನ್ನ ಹೆಸರಿನ ಕಲ್ಲು ನಿಲ್ಲಿಸಿದ್ದೇನೆ. ಶಹಾಬಾದ ಕಲ್ಲು. ಹೆಸರು, ಹುಟ್ಟಿದ ವರ್ಷ, ಒಂದು ಗೆರೆ, ಗೆರೆಯ ಮುಂದೆ ಖಾಲಿ. ಕೆತ್ತಿದ ಮೌನೇಶ, "ತಾರೀಖಿಗೆ ಜಾಗಾ ಬಿಟ್ಟೀನ್ರಿ ಬಾಯಾರ, ಗಡಬಡಿ ಏನಿಲ್ಲ" ಎಂದಿದ್ದ. ಗಿರಾಕಿ ಬರುವ ಮುಂಚೆ ಅಂಗಡಿ ತೆರೆದಿಡುವವಳು ನಾನು. ಅದರಲ್ಲಿ ನಾಚಿಕೆಯೇನೂ ಇಲ್ಲ.

ನಿನ್ನೆ ಅದೇ ಮೌನೇಶ ರೊಟ್ಟಿ ಒಯ್ಯಲು ಬಂದವನು ಹೇಳಿದ. "ನಿಮ್ಮ ತಂಗ್ಯಾರು ಬಂದಿದ್ರಲ್ರಿ, ಈಸ್ಟರಿನ ಹಿಂದಿನ ವಾರ. ಒಬ್ಬ ಮುಸಲ್ಮಾನರ ಹೆಣ್ಮಗಳ ಕೈ ಹಿಡಕೊಂಡು. ನಾ ಆಚಿ ಸಾಲಿನಾಗ ಕಲ್ಲ ಕೂಡಸಾಕತ್ತಿದ್ದೆ. ನಿಮ್ಮ ಹೆಸರಿನ ಮ್ಯಾಲಿನ ಧೂಳ ಸೆರಗಲೆ ಒರಸಿದ್ರು. ಏನೂ ಅನಲಿಲ್ಲ."

ಏನೂ ಅನಲಿಲ್ಲ. ನನಗೂ ನೀನು ಏನೂ ಅನಲಿಲ್ಲ. "ದೇವರ ಮುಂದೆ ಇಟ್ಟು ಯೋಚಿಸಿದೆ" ಎಂದು ಬರೆದೆ. ಯೋಚಿಸಿದ್ದು ನನ್ನ ಕಲ್ಲಿನ ಮುಂದೆ ನಿಂತು.

ಅದಿರಲಿ. ಕಲಬುರಗಿಗೆ ಬಂದವಳು ನನ್ನ ಮನೆಗೆ ಬರದೆ ಹೋದೆ. ಮಕ್ಬೂಲನನ್ನು ಹಿಡಿದು ನಿಲ್ಲಿಸಿದೆ. ಅವನು ತಲೆ ಕೆರೆದುಕೊಂಡು, "ನಾಕೈದು ಸಲ ಇಬ್ಬರನ್ನೂ ಕರಕೊಂಡು ಬಂದೀನ್ರಿ ಅಕ್ಕಾ, ಎಲ್ಲಿಗಂತ ಮಾತ್ರ ಕೇಳಬ್ಯಾಡ್ರಿ" ಎಂದ. ಕೇಳುವುದೇನಿದೆ. ನೀನು, ಇಮಾಮಬಿ, ಇಮಾಮಬಿ, ನೀನು. ಬಜಾರು, ಬಳೆ ಅಂಗಡಿ, ಹೋಟೆಲಿನಲ್ಲಿ ಕೂತು ಚಹಾ. ನಾನು ಒಂದು ದಿನ ಬಜಾರಿಗೆ ಬಾ ಎಂದು ಕರೆದರೆ, "ಕಿವಿ ಕೇಳೂದಿಲ್ಲಕ್ಕ, ಗದ್ದಲದಾಗ ಹೆದರಿಕಿ ಬರ್ತದ" ಎನ್ನುತ್ತಿದ್ದೆ. ಅವಳ ಕೈ ಹಿಡಿದರೆ ಹೆದರಿಕೆ ಬರುವುದಿಲ್ಲವೆಂದು ಈಗ ತಿಳಿಯಿತು.

ಎಸ್ತೇರಮ್ಮ

*

ಕಮಲಾಪುರ
20 ಜೂನ್ 2023

ಅಕ್ಕನಿಗೆ ವಂದನೆ. ಹೇಳುತ್ತಿರುವವಳು ನಾನು, ಬರೆಯುತ್ತಿರುವವಳು ಇಮಾಮಬಿ. ಬಲಗೈ ಸ್ವಲ್ಪ ಬಾತಿದೆ.

ಬಂದದ್ದು ನಿಜ. ನಿನ್ನ ಊರಲ್ಲಿ ಒಂದು ಕೆಲಸವಿತ್ತು. ನಿನ್ನ ಮನೆಗೆ ಬಂದರೆ ನೀನು ಒಲೆ ಆರಿಸಿ ನನ್ನ ಮುಂದೆ ಕೂತುಬಿಡುತ್ತೀ, ಅಷ್ಟು ಜನರ ರೊಟ್ಟಿ ನಿಲ್ಲುತ್ತದೆ. ಕಲ್ಲು ಚೆನ್ನಾಗಿದೆ ಅಕ್ಕ. ಮೌನೇಶ ಅಂಚು ನುಣ್ಣಗೆ ಮಾಡಿದ್ದಾನೆ. ಹೇಳದೆ ನೋಡಿಬಂದದ್ದಕ್ಕೆ ಬೇಜಾರಾಗಬೇಡ.

ಇಲ್ಲಿ ಮಳೆ ಹಿಡಿದಿದೆ. ಇವರು ತೊಗರಿ ಬಿತ್ತಿದರು.

ಸುವಾರ್ತಾ

*

ಕಲಬುರಗಿ
29 ಜೂನ್ 2023

ತಂಗಿ,

ಕಾಗದ ಬರೆಯುವುದಕ್ಕೂ ಜನ ಇಟ್ಟುಕೊಂಡೆ ಎಂದು ತಿಳಿಯಿತು. ಅಕ್ಷರ ದುಂಡಗಿವೆ, ನಿನಗಿಂತ ವಾಸಿ. ಇನ್ನು ಮುಂದೆ ನನಗೂ ನಿನಗೂ ಇರುವ ಮಾತೆಲ್ಲ ಇಮಾಮಬಿಯ ಕೈಯಿಂದಲೇ ಹಾದು ಬರುವುದಾದರೆ ಮಾತು ಬೇಡ. ನಿನ್ನ ಪ್ರಾರ್ಥನೆಯಿಂದ ನನ್ನ ಹೆಸರು ತೆಗೆದುಬಿಡು. ಆ ಸ್ಥಾನವನ್ನೂ ಅವಳಿಗೇ ಕೊಡು. ಅವಳಿಗೆ ಇನ್ನೊಂದು ಮೊಣಕಾಲಿದೆಯಲ್ಲ.

ಎಸ್ತೇರಮ್ಮ

*

ಕಮಲಾಪುರ
4 ಜುಲೈ 2023

ಎಸ್ತೇರಮ್ಮ ಅಕ್ಕನವರಿಗೆ ಇಮಾಮಬಿಯ ಸಲಾಮು.

ಈ ಕಾಗದ ಸುವಾರ್ತಾಳಿಗೆ ಗೊತ್ತಿಲ್ಲ. ನಿಮಗೆ ಹೇಳಬಾರದೆಂದು ಆಕೆ ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ಬರೆಯಬಾರದೆಂದು ಅಂದಿಲ್ಲ. ಅಷ್ಟು ಸಂದಿ ನನಗೆ ಸಾಕು.

ನಾವು ಕಲಬುರಗಿಗೆ ಬರುವುದು ಆಸ್ಪತ್ರೆಗೆ. ಆಕೆಯ ಹೊಟ್ಟೆಯಲ್ಲಿ ಗಡ್ಡೆ ಇದೆ, ಕೆಟ್ಟ ಗಡ್ಡೆ. ಕೊಯ್ಲಿನ ಹಬ್ಬ ಮುಗಿಸಿ ನೀವು ಹೋದ ಮರುವಾರ ಡಾಕ್ಟರು ಹೇಳಿದರು. ನಿಮ್ಮ ಅವ್ವನವರ ಮಗ್ಗುಲಿನ ಜಾಗ ಕೇಳಿ ಆಕೆ ಬರೆದದ್ದು ಅದರ ಮೇಲೆ. ದೇವಪುತ್ರಪ್ಪ ಭಾಯಿ ಸೂಜಿ ಕಂಡರೆ ತಾವೇ ಬೀಳುತ್ತಾರೆ, ಅದಕ್ಕೆ ನಾನು ಜೊತೆಗೆ ಬರುತ್ತೇನೆ. ಬಳೆ ಅಂಗಡಿಗೆ ಹೋಗಿಲ್ಲ. ಚಹಾ ಕುಡಿದದ್ದು ಖರೆ. ನಾನು ಕುಡಿದೆ, ಆಕೆಗೆ ವಾಸನೆ ಆಗುವುದಿಲ್ಲ. ಕೈ ಬಾತದ್ದು ಔಷಧ ಏರಿಸಿದ್ದಕ್ಕೆ.

ಒಂದು ದಿನ ಆಸ್ಪತ್ರೆ ಮುಗಿದ ಮೇಲೆ "ಅವ್ವನ್ನ ನೋಡಿ ಬರೋಣು ನಡಿ" ಎಂದಳು. ನಿಮ್ಮ ಕಲ್ಲನ್ನು ಅಲ್ಲಿ ನೋಡಿದಳು. ಧೂಳು ಒರೆಸಿದಳು. ವಾಪಸ್ ಟೆಂಪೋ ಹತ್ತಿದ ಮೇಲೆ, "ಅಕ್ಕ ಸಣ್ಣಂದಿನಿಂದ ಕಾಯಾಕತ್ತಾಳ ಇಮಾಮಬಿ, ನನಗ ತಿಳಿದಿದ್ದಿಲ್ಲ" ಎಂದಳು. ನಾನು ಗದರಿಸಿದೆ. ನಿನ್ನ ಜಡ್ಡಿನ ವಿಷಯ ಅಕ್ಕಗ ಹೇಳು, ಕಲ್ಲು ಕಿತ್ತು ಜಾಗ ಕೊಡ್ತಾರ ಎಂದೆ. "ಕೊಡ್ತಾಳ, ಅದಕ್ಕ ಹೇಳಬ್ಯಾಡ ಅನ್ನೂದು" ಎಂದಳು. ನನಗೆ ಆಕೆಯ ಲೆಕ್ಕ ಅರ್ಥವಾಗುವುದಿಲ್ಲ. ನಿಮಗೆ ಲೆಕ್ಕ ಚೆನ್ನಾಗಿ ಬರುತ್ತದೆ ಎನ್ನುತ್ತಾಳೆ.

ಹೆಸರು ತೆಗೆದುಬಿಡು ಎಂದು ಬರೆದಿರಿ. ಓದಿ ಮಡಚಿ ಇಟ್ಟಳು. ಮರುದಿನ ಮುಂಜಾನೆ ಪ್ರಾರ್ಥನೆಯಲ್ಲಿ ನಿಮ್ಮ ಹೆಸರು ಎಲ್ಲರಿಗಿಂತ ಮೊದಲು ಬಂತು, ನನ್ನ ಮೊಣಕಾಲಿಗಿಂತ ಮೊದಲು. ಸುಳ್ಳು ಯಾಕೆ ಹೇಳಲಿ, ನನಗೆ ಹೊಟ್ಟೆಕಿಚ್ಚಾಯಿತು.

ಇಮಾಮಬಿ

*

ಕಲಬುರಗಿ
7 ಜುಲೈ 2023

ಸುವಾರ್ತಾ,

ಇಮಾಮಬಿಯ ಮೇಲೆ ಸಿಟ್ಟಾಗಬೇಡ. ಅವಳು ಹೇಳಲಿಲ್ಲ, ಬರೆದಳು.

ಮೌನೇಶನನ್ನು ಕರೆದುಕೊಂಡು ಹೋಗಿ ಕಲ್ಲು ಕೀಳಿಸಿದೆ. ಅವನು "ಬಾಯಾರ, ಕುಂತ ಕಲ್ಲ ಎಬ್ಬಿಸಬಾರದು" ಎಂದು ಗೊಣಗಿದ. ಎಬ್ಬಿಸು ಎಂದೆ. ಅದೀಗ ನನ್ನ ಹಿತ್ತಲಲ್ಲಿ ಹೆಸರು ಕೆಳಗೆ ಮಾಡಿ ಬಿದ್ದಿದೆ. ಕೆಲಸದ ಹೆಣ್ಣುಮಕ್ಕಳು ಅದರ ಮೇಲೆ ಹಿಟ್ಟಿನ ಬುಟ್ಟಿ ಇಡುತ್ತಿದ್ದಾರೆ. ಸಭೆಯವರಿಗೆ ಬರೆದು ಕೊಟ್ಟಾಯಿತು. ಅವ್ವನ ಎಡಗಡೆ ನಿನ್ನದು. ಅದರ ಮೇಲೆ ಇನ್ನು ಮಾತಿಲ್ಲ.

ನೀನು ನನ್ನ ಊರಿಗೆ ಬಂದು ಔಷಧ ಏರಿಸಿಕೊಂಡು, ವಾಂತಿ ಮಾಡಿಕೊಂಡು, ನನ್ನ ಮನೆಯ ರಸ್ತೆಯಿಂದಲೇ ಟೆಂಪೋದಲ್ಲಿ ವಾಪಸ್ ಹೋಗಿದ್ದೀ. ನಾನು ಒಳಗೆ ಕೂತು ನಿನ್ನ ಬಳೆ ಲೆಕ್ಕ ಹಾಕುತ್ತಿದ್ದೆ. ಇದನ್ನು ನಾನು ನಿನಗೆ ಬಿಡುವುದಿಲ್ಲ. ನೀನು ಗುಣವಾಗು, ಆಮೇಲೆ ಜಗಳವಾಡೋಣ.

ಗುರುವಾರ ಬರುತ್ತೇನೆ. ಕೇಂದ್ರವನ್ನು ಹೆಣ್ಣುಮಕ್ಕಳು ನೋಡಿಕೊಳ್ಳುತ್ತಾರೆ. ನಿನ್ನ ತಲೆದಿಂಬಿನ ಹತ್ತಿರ ನಾನು ಮಲಗುತ್ತೇನೆ. ಇಮಾಮಬಿಗೆ ರಜೆ ಕೊಡು.

ಎಸ್ತೇರಮ್ಮ

*

ಕಮಲಾಪುರ
14 ಆಗಸ್ಟ್ 2023

ಅಕ್ಕನಿಗೆ ಕರ್ತನ ಹೆಸರಿನಲ್ಲಿ ವಂದನೆ.

ನೀನು ಇದ್ದು ಹೋದ ಮೇಲೆ ಮನೆ ದೊಡ್ಡದಾಗಿದೆ. ಇಮಾಮಬಿಗೂ ನಿನಗೂ ಗಂಜಿಯ ಉಪ್ಪಿನ ಮೇಲೆ ನಡೆದ ಜಗಳ ನನಗೆ ಕೇಳಿಸಲಿಲ್ಲ, ಕೈಗಳು ಕಾಣಿಸುತ್ತಿದ್ದವು. ಬಹಳ ದಿನಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕೆ.

ನೀನಿದ್ದಾಗ ಜಾಗದ ಮಾತು ಎತ್ತಬೇಕೆಂದಿದ್ದೆ. ನೀನು ಉತ್ತರ ಹೇಳಬೇಕಾದರೆ ಕೂಗಬೇಕು, ಕೂಗಿದರೆ ಓಣಿಗೆಲ್ಲ ಕೇಳುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ. ಇದು ನನ್ನ ಕೈಬರಹವೇ. ಎರಡು ದಿನದಿಂದ ಬರೆಯುತ್ತಿದ್ದೇನೆ.

ಕಲ್ಲು ಮತ್ತೆ ನಿಲ್ಲಿಸು.

ಅವ್ವ ನನಗೆ ಸಿಕ್ಕಿದ್ದಳು ಅಕ್ಕ. ಸಾಕಾಗುವಷ್ಟು ಸಿಕ್ಕಿದ್ದಳು. ಕಡೆಗಾಲದಲ್ಲಿ ಅವಳ ಉಗುರು ನಾನೇ ತೆಗೆಯುತ್ತಿದ್ದೆ. ನನಗೆ ಕೇಳಿಸದ ಕತೆಗಳನ್ನು ಅವಳು ನನಗೇ ಹೇಳುತ್ತಿದ್ದಳು. ಬಾಯಿ ಅಲುಗುವುದನ್ನು ನೋಡುತ್ತಾ ಕೂತಿರುತ್ತಿದ್ದೆ. ನಿನಗೆ ಅಷ್ಟೂ ಸಿಗಲಿಲ್ಲ. ನಾನು ಬಿಟ್ಟುಕೊಡುತ್ತಿದ್ದೇನೆ ಎಂದು ತಿಳಿಯಬೇಡ. ಅದು ನಿನ್ನ ಪಾಲು, ಇಷ್ಟು ದಿನ ನನ್ನ ಹತ್ತಿರ ಉಳಿದಿತ್ತು.

ನನಗೆ ಈ ಊರು ಸಾಕು. ಮದುವೆಯಾಗಿ ಬಂದಾಗ ಈ ಹೊಲದಲ್ಲಿ ಬರೀ ಕಲ್ಲಿತ್ತು. ಇವರೂ ನಾನೂ ಆರಿಸಿ ಬದು ಹಾಕಿದೆವು. ದೇವರು ನನಗೆ ಏನು ಕೊಟ್ಟರೂ ಈ ಮಣ್ಣಿನೊಳಗಿಂದಲೇ ಕೊಟ್ಟಿದ್ದಾನೆ, ಇಲ್ಲಿಯೇ ತೆಗೆದುಕೊಳ್ಳಲಿ. ಇವರಿಂದ ಮಾತು ತೆಗೆದುಕೊಂಡಿದ್ದೇನೆ, ಪಾಸ್ಟರಿಗೂ ಹೇಳಿದ್ದೇನೆ.

ಸಿಟ್ಟಾಗಬೇಡ ಎಂದು ಬರೆಯುವುದಿಲ್ಲ. ಸಿಟ್ಟಾಗು. ನೀನು ಸಿಟ್ಟಿನಲ್ಲಿದ್ದರೆ ಕಾಗದ ಉದ್ದವಾಗಿ ಬರೆಯುತ್ತೀ.

ನಿನ್ನ ಸುವಾರ್ತಾ

*

ಕಲಬುರಗಿ
5 ಅಕ್ಟೋಬರ್ 2023

ದೇವಪುತ್ರಪ್ಪನವರಿಗೆ,

ಫೋನು ಮಾಡಿದರೆ ನೀವು ಹೂಂ ಎನ್ನುತ್ತೀರಿ, ನಾನು ಹೂಂ ಎನ್ನುತ್ತೇನೆ, ಫೋನು ಇಡುತ್ತೇವೆ. ಹೀಗಾಗಿ ಬರೆಯುತ್ತಿದ್ದೇನೆ. ಅವಳಿಗೆ ಬರೆದು ಬರೆದು ಕೈಗೆ ರೂಢಿಯಾಗಿದೆ, ಸುಮ್ಮನೆ ಕೂರುವುದಿಲ್ಲ.

ಅವಳು ಹೋದ ದಿನ ನೀವು ಫೋನು ಮಾಡಿದ್ದೇ ನಾನು ಹೊರಟೆ. ಬರುವಷ್ಟರಲ್ಲಿ ಇಮಾಮಬಿ ನೀರು ಕಾಸಿ, ಮೈ ತೊಳೆದು, ಬಿಳಿ ಸೀರೆ ಉಡಿಸಿ ಮುಗಿಸಿದ್ದಳು. "ಅಕ್ಕಾ, ತಲಿ ಒಂದು ನಿಮಗ ಬಿಟ್ಟೀನಿ" ಎಂದು ತಲೆ ಬಾಚುವ ಹಣಿಗೆ ಕೊಟ್ಟಳು. ಔಷಧದಿಂದ ಆ ತಲೆಯಲ್ಲಿ ಕೂದಲೇ ಇರಲಿಲ್ಲ. ಹಣಿಗೆ ಹಿಡಿದುಕೊಂಡು ಕೂತೆ. ನನ್ನ ಪಾಲಿಗೆ ಬರುವುದೆಲ್ಲ ಹೀಗೆಯೇ.

ನಾನು ಕಲಬುರಗಿಯಿಂದ ಗಾಡಿ ತಂದದ್ದು ನಿಮಗೆ ಸಿಟ್ಟು ತರಿಸಿತು ಎಂದು ಗೊತ್ತು. ಅವಳು ಬರೆದದ್ದು ಬರೆದಳು, ನಾನು ಅವ್ವನ ಹತ್ತಿರ ಮಲಗಿಸಿಯೇ ತೀರುತ್ತೇನೆ ಎಂದು ನಿಶ್ಚಯ ಮಾಡಿದ್ದೆ. ನನ್ನ ಎದುರು ಒಂದು ದಿನವೂ ತಲೆ ಎತ್ತದ ಮನುಷ್ಯ ನೀವು. ಅವತ್ತು ಬಾಗಿಲಿಗೆ ಅಡ್ಡ ನಿಂತಿರಿ. "ಮಾತು ಕೊಟ್ಟೀನ್ರಿ ಅಕ್ಕಾರ. ಒಯ್ಯೂದಾದ್ರ ನನ್ನೂ ಅದರಾಗ ಹಾಕ್ಕೊಂಡು ಒಯ್ರಿ." ಗಾಡಿಯವನು ನನ್ನ ಮುಖ ನೋಡಿದ. ನಾನು ಅವನನ್ನು ಖಾಲಿ ಕಳಿಸಿದೆ.

ಆಮೇಲೆ ಆ ಜನ. ನಿಮ್ಮ ಸಭೆಯವರು ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಬಾಳೆ ಕೊಳ್ಳುವವರು, ಹಾಲಿನವರು, ಹಿಂದಿನ ಓಣಿಯ ಮುತ್ತೈದೆಯರು, ಟೆಂಪೋ ರಸ್ತೆಯಲ್ಲೇ ನಿಲ್ಲಿಸಿ ಓಡಿಬಂದ ಮಕ್ಬೂಲ್, ಎಲ್ಲರೂ ಸಾಲಿನಲ್ಲಿ ನಿಂತು ಮಣ್ಣು ಹಾಕಿದರು. "ನಮ್ಮ ಹೆಸರ ಹಿಡದು ಇನ್ಯಾರು ದೇವರಿಗೆ ಹೇಳವ್ರು" ಎಂದು ಒಬ್ಬ ಮುದುಕ ನನ್ನನ್ನೇ ಕೇಳಿದ. ಆ ಸಾಲಿನಲ್ಲಿ ನಿಂತೂ ನಾನು ತಲೆ ಎಣಿಸಿದೆ. ನನಗೆ ಇದರ ಕಾಲುಭಾಗವೂ ಬರುವುದಿಲ್ಲ. ತಂಗಿಯ ಕುಣಿಯ ಮುಂದೆ ನಿಂತು ಅವಳಿಗೆ ಬಂದ ಜನದ ಮೇಲೆ ಹೊಟ್ಟೆ ಉರಿದುಕೊಂಡೆ. ಬೇರೆ ಯಾರಿಗಾದರೂ ಹೇಳಿದರೆ ನಂಬಲಿಕ್ಕಿಲ್ಲ, ನೀವು ನಂಬುತ್ತೀರಿ.

ಈಗ ಕೇಳುವುದು ಕೇಳುತ್ತೇನೆ. ಅವಳ ಒಂದು ಕಡೆ ಬೇಲಿ ಇದೆ. ಇನ್ನೊಂದು ಕಡೆ ಖಾಲಿ ಇದೆ, ನೋಡಿಬಂದಿದ್ದೇನೆ. ಅದನ್ನು ನನಗೆ ಕೊಡಿ. ಅವ್ವನ ಮಗ್ಗುಲು ನನಗೆ ಈಗ ಬೇಡವಾಗಿದೆ.

ಎಸ್ತೇರಮ್ಮ

*

ಕಮಲಾಪುರ
13 ಅಕ್ಟೋಬರ್ 2023

ಅಕ್ಕನವರಿಗೆ ದೇವಪುತ್ರಪ್ಪನ ವಂದನೆಗಳು.

ನನಗೆ ಬರೆದು ರೂಢಿ ಇಲ್ಲ. ತಪ್ಪಿದ್ದರೆ ತಿದ್ದಿ ಓದಿರಿ.

ಆ ಜಾಗ ನನಗೆಂದು ಇಟ್ಟದ್ದು. ಪಾಸ್ಟರು ಗುರುತಿಗೆ ಗೂಟ ಹೊಡೆದಿದ್ದಾರೆ. ನಿಮಗೆ ಬೇಕೆಂದರೆ ತೆಗೆದುಕೊಳ್ಳಿ. ನಾನು ಒಂದು ಆಚೆಗೆ ಸರಿಯುತ್ತೇನೆ. ನೀವು ಅಕ್ಕ, ನಡುವೆ ಇದ್ದರೆ ತಪ್ಪೇನಿಲ್ಲ.

ಇಲ್ಲಿ ಮುಂಜಾನೆ ಓಣಿ ಸುಮ್ಮನಿರುತ್ತದೆ. ಜನ ತಡವಾಗಿ ಏಳುತ್ತಿದ್ದಾರೆ. ಹಿಡಿ ಜೋಳ ನಾನು ತೆಗೆದಿಡುತ್ತಿದ್ದೇನೆ, ನನ್ನ ಹಿಡಿ ದೊಡ್ಡದು. ಬಾಳೆ ಗೊನೆ ಹಾಕಿವೆ.

ದೇವಪುತ್ರಪ್ಪ

*

ಕಲಬುರಗಿ
20 ಅಕ್ಟೋಬರ್ 2023

ದೇವಪುತ್ರಪ್ಪನವರಿಗೆ,

ಬೇಡ. ಗೂಟ ಎಲ್ಲಿದೆಯೋ ಅಲ್ಲೇ ಇರಲಿ.

ನಿಮ್ಮ ಕಾಗದ ಓದಿ ಮೊದಲು ನನಗೆ ಬಂದದ್ದು ಸಿಟ್ಟು. ಬಿಟ್ಟುಕೊಡುವುದು ನಿಮ್ಮ ಮನೆಯಲ್ಲಿ ಅಂಟುರೋಗ ಎಂದು ಕಾಣುತ್ತದೆ. ಇಷ್ಟು ವರ್ಷ ವ್ಯಾಪಾರ ಮಾಡಿದ್ದೇನೆ. ಹಟ ಮಾಡುವವರು, ಚೌಕಾಸಿ ಮಾಡುವವರು, ಆರ್ಡರು ಕೊಟ್ಟು ಇಲ್ಲವೆನ್ನುವವರು, ಎಲ್ಲರ ಹತ್ತಿರವೂ ಗೆದ್ದಿದ್ದೇನೆ. ತಗೊಳ್ಳಿ ಎಂದು ಕೈ ಚಾಚಿದವರ ಮುಂದೆ ಮಾತ್ರ ಪ್ರತಿ ಸಲವೂ ಸೋತಿದ್ದೇನೆ. ಅವಳ ಹತ್ತಿರ ಸೋತದ್ದು ಸಾಕು. ನಿಮ್ಮ ಹತ್ತಿರವೂ ಸೋಲಲಾರೆ. ಅವಳ ಮಗ್ಗುಲಲ್ಲಿ ನೀವೇ ಇರಿ. ನನ್ನನ್ನು ನಡುವೆ ಹಾಕಿಕೊಂಡರೆ ನಿಮ್ಮಿಬ್ಬರಿಗೂ ನಿದ್ದೆ ಬರುವುದಿಲ್ಲ.

ನಿನ್ನೆ ಮೌನೇಶ ಕಲ್ಲನ್ನು ಮತ್ತೆ ಅವ್ವನ ಎಡಕ್ಕೆ ನಿಲ್ಲಿಸಿದ. ಹಿಟ್ಟಿನ ಬುಟ್ಟಿ ಇಟ್ಟ ಕಡೆ ಬೆಳ್ಳಗೆ ವರ್ತುಲ ಬಿದ್ದಿದೆ, ತಿಕ್ಕಿದರೂ ಹೋಗಲಿಲ್ಲ. ಅವನು ಹೋದ ಮೇಲೆ ನಾನು ಅಲ್ಲಿಯೇ ಕೂತೆ. ಅವ್ವನ ಕಡೆಗೂ ಕೈ ಮುಟ್ಟುತ್ತದೆ. ತಕರಾರು ಮಾಡುವವರು ಯಾರೂ ಉಳಿದಿಲ್ಲ. ಬೋರ್ಡಿಂಗಿನ ಕಂಬಳಿಯೊಳಗೆ ಮುಖ ಹುದುಗಿಸಿಕೊಂಡು ಏನು ಬೇಡುತ್ತಿದ್ದೆನೋ ಅದು ಪೂರ್ತಿಯಾಗಿ, ಯಾರ ಪಾಲೂ ಇಲ್ಲದೆ, ನನಗೆ ಬಂದಿದೆ.

ಒಂದೇ ಒಂದು ಹೆದರಿಕೆ. ನಾನು ಹೋಗಿ ಮಲಗಿದ ದಿನ ಅವ್ವ ಈ ಕಡೆ ಹೊರಳಿ ಕೈಯಾಡಿಸಿ ನೋಡುತ್ತಾಳೆ. ಮುಖ ಮುಟ್ಟಿದೊಡನೆ ಅವಳಿಗೆ ಗೊತ್ತಾಗುತ್ತದೆ. "ಎಸ್ತೇರಿ, ನೀ ಏನ? ಸಣ್ಣಾಕಿನ್ನ ಎಲ್ಲಿ ಬಿಟ್ಟು ಬಂದಿ?" ಎನ್ನುತ್ತಾಳೆ.

ಏನು ಹೇಳಬೇಕೆಂದು ಈಗಿನಿಂದಲೇ ಯೋಚಿಸುತ್ತಿದ್ದೇನೆ. ನಿಮಗೇನಾದರೂ ಹೊಳೆದರೆ ಬರೆಯಿರಿ.

ಎಸ್ತೇರಮ್ಮ